ಯಾವ ಹೊಗೆಗೆ ಎಷ್ಟು ತೆರಿಗೆ?

(2025ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಲಾರಿ ಮಾಲೀಕರು ಮತ್ತು ವಾಣಿಜ್ಯ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಹೆಚ್ಚು ಹೊಗೆ ಉಗುಳುವ ವಾಹನಕ್ಕೆ ಹೆಚ್ಚು ರಸ್ತೆ ತೆರಿಗೆ ಹಾಕುವುದು ನ್ಯಾಯವೇ? ನನಗೆ ಕೊಟ್ಟಿರುವ ವಿಷಯ ಇದು. ಮುಂದಿನ ಸಾಲುಗಳಲ್ಲಿ ಟಿಪ್ಪರ್, ಲಾರಿ ಇಟ್ಟುಕೊಂಡವರು ಕೂತಿದ್ದೀರಿ, ಹಿಂದೆ ಬಿ.ಕಾಂ. ಮಕ್ಕಳಿದ್ದಾರೆ. ಮುಂದಿನವರು ನಾನು ‘ಅನ್ಯಾಯ’ ಅನ್ನಲಿ ಅಂತ ಕಾಯುತ್ತಿದ್ದೀರಿ, ಹಿಂದಿನವರು ‘ನ್ಯಾಯ’ ಅನ್ನಲಿ ಅಂತ. ಲಾರಿಯವರ ಲೆಕ್ಕಪತ್ರ ಬರೆದುಕೊಂಡೇ ಬದುಕಿದವನು ನಾನು. ಹಾಗಂತ ಅವರ ವಕೀಲನಾಗಿ ಬಂದಿಲ್ಲ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹೊಗೆಗೆ ತೆರಿಗೆ ಹಾಕುವುದು ನ್ಯಾಯ. ಆದರೆ ಇವತ್ತು ನಾವು ಕಟ್ಟುತ್ತಿರುವ ರಸ್ತೆ ತೆರಿಗೆಗೂ ಹೊಗೆಗೂ ಸಂಬಂಧವೇ ಇಲ್ಲ.

ನಮ್ಮ ರಾಜ್ಯದ ದರಪಟ್ಟಿ ನೋಡಿ. 1957ರ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ಕಾರಿಗೆ ಒಂದೇ ಸಲ ಜೀವಿತಾವಧಿ ತೆರಿಗೆ ಕಟ್ಟಬೇಕು. 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಸೆಸ್ಸು ಬೇರೆ. ಈಗ ಬೈಕಿನ ಸಾಲಿಗೆ ಬನ್ನಿ. 1 ಲಕ್ಷ ದಾಟಿದ ಬೈಕಿಗೂ ಶೇ 18. ಅಂದರೆ ಸಿಂಧನೂರಿನ ಗದ್ದೆಗೆ ಹೋಗಿಬರಲು 1 ಲಕ್ಷ 10 ಸಾವಿರದ ಬೈಕ್ ಕೊಂಡ ಹುಡುಗನೂ, 60 ಲಕ್ಷದ ಎಸ್‌ಯುವಿ ಕೊಂಡ ಸಾಹುಕಾರರೂ ನೂರಕ್ಕೆ ಹದಿನೆಂಟರಂತೆಯೇ ಕಟ್ಟುತ್ತಾರೆ. ಈ ಪಟ್ಟಿಯಲ್ಲಿ ಬೆಲೆ ಇದೆ. ಮೈಲೇಜ್ ಇಲ್ಲ, ಎಂಜಿನ್ ಯಾವ ಕಾಲದ್ದು ಅನ್ನುವುದಿಲ್ಲ, ಗಾಡಿ ವರ್ಷಕ್ಕೆ ಎಷ್ಟು ಓಡುತ್ತದೆ ಅನ್ನುವುದಂತೂ ಇಲ್ಲವೇ ಇಲ್ಲ. ಲಾರಿಗೆ ಮೂರು ತಿಂಗಳಿಗೊಮ್ಮೆ ತೂಕದ ಮೇಲೆ ಕಟ್ಟುತ್ತೀರಿ. ಅದಕ್ಕೊಂದು ತರ್ಕವಿದೆ, ಭಾರದ ಗಾಡಿ ರಸ್ತೆಯನ್ನು ಹಾಳು ಮಾಡುತ್ತದೆ. ಆಕ್ಸೆಲ್ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು ಅನ್ನುವುದು ಎಂಜಿನಿಯರುಗಳ ಹಳೆಯ ಲೆಕ್ಕ. ಅದಿರಿನ ಭರಾಟೆಯ ಕಾಲದಲ್ಲಿ ಹೊಸಪೇಟೆ ರಸ್ತೆ ನೋಡಿದವರಿಗೆ ಆ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಬ್ಬರನ್ನು ತೆಗೆದುಕೊಳ್ಳಿ. ಇಬ್ಬರೂ 9 ಲಕ್ಷದ ಕಾರು ಕೊಂಡರು, ಇಬ್ಬರೂ ಶೇ 14ರಂತೆ 1 ಲಕ್ಷ 26 ಸಾವಿರ ಕಟ್ಟಿದರು. ಒಬ್ಬರು ನಿವೃತ್ತ ಮೇಷ್ಟ್ರು. ಪೆಟ್ರೋಲ್ ಕಾರು, ವರ್ಷಕ್ಕೆ 5,000 ಕಿ.ಮೀ., ಲೀಟರಿಗೆ 15. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಮೇಷ್ಟ್ರ ಪಾಲು ವರ್ಷಕ್ಕೆ ಮುಕ್ಕಾಲು ಟನ್. ಇನ್ನೊಬ್ಬರು ಗುತ್ತಿಗೆದಾರರು. ಡೀಸೆಲ್ ಕಾರು, ಲೀಟರಿಗೆ 20 ಕೊಡುತ್ತದೆ, ಆದರೆ ವರ್ಷಕ್ಕೆ 30,000 ಕಿ.ಮೀ. ಸುತ್ತುತ್ತಾರೆ. ಡೀಸೆಲಿಗೆ ಲೀಟರಿಗೆ 2.6 ಕಿಲೋದ ಮೇಲೆ. ಅವರದು ಹತ್ತಿರ ಹತ್ತಿರ 4 ಟನ್. ಒಳ್ಳೆಯ ಮೈಲೇಜಿನ ಕಾರೇ ಐದು ಪಟ್ಟು ಹೆಚ್ಚು ಹೊಗೆ ಬಿಟ್ಟಿತು. ‘ಹೆಚ್ಚು ಹೊಗೆಯ ವಾಹನ’ ಅಂತ ಮಾಡೆಲ್ ನೋಡಿ ಪಟ್ಟಿ ಮಾಡಿದರೆ ಮೇಷ್ಟ್ರು ಸಿಕ್ಕಿಬೀಳುತ್ತಾರೆ, ಗುತ್ತಿಗೆದಾರರು ಪಾರಾಗುತ್ತಾರೆ.

ಹಾಗಾದರೆ ಹಿಡಿಯುವುದು ಹೇಗೆ? ಪೆಟ್ರೋಲ್ ಬಂಕಿನಲ್ಲಿ. ಸುಟ್ಟ ಪ್ರತಿ ಲೀಟರಿಗೂ ತೆರಿಗೆ ಬೀಳುತ್ತದೆ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 29.84ಕ್ಕೆ ಏರಿಸಿತು, ಡೀಸೆಲ್ ಮೇಲಿನದನ್ನು 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ. ಇದರ ಜೊತೆಗೆ ಕೇಂದ್ರದ ಅಬಕಾರಿ ಸುಂಕ. ನೀವು ಬೈದುಕೊಂಡು ಕಟ್ಟುವ ಆ ತೆರಿಗೆಯೇ ಇಂಗಾಲದ ಮಟ್ಟಿಗೆ ಇರುವುದರಲ್ಲಿ ಅತಿ ಪ್ರಾಮಾಣಿಕವಾದ ತಕ್ಕಡಿ. ಜಾಸ್ತಿ ಸುಟ್ಟವನು ಜಾಸ್ತಿ ಕೊಡುತ್ತಾನೆ, ಅಷ್ಟೇ.

ಇಲ್ಲಿಗೆ ಮಾತು ಮುಗಿಯಬೇಕಿತ್ತು. ಮುಗಿಯುವುದಿಲ್ಲ, ಯಾಕೆಂದರೆ ಹೊಗೆ ಒಂದಲ್ಲ, ಎರಡು.

ಒಂದು ಇಂಗಾಲದ್ದು, ಅಂದರೆ ಆಗ ಹೇಳಿದ ಇಂಗಾಲದ ಡೈಆಕ್ಸೈಡ್. ಅದು ಕಣ್ಣಿಗೆ ಕಾಣುವುದಿಲ್ಲ, ತೋರಣಗಲ್ಲಿನಲ್ಲಿ ಬಿಟ್ಟರೂ ಟೋಕಿಯೋದಲ್ಲಿ ಬಿಟ್ಟರೂ ಭೂಮಿಗೆ ಒಂದೇ. ಇನ್ನೊಂದು ಮಸಿ ಮತ್ತು ನೈಟ್ರೋಜನ್ ಆಕ್ಸೈಡ್. ಇದು ಬಿಟ್ಟ ಜಾಗದಲ್ಲೇ ಕೊಲ್ಲುವಂಥದ್ದು. ನಮ್ಮ ರಾಯಲ್ ವೃತ್ತದ ಸಿಗ್ನಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸಪ್ಪನ ಎದೆಗೆ, ಬೈಪಾಸ್ ಪಕ್ಕದ ಶಾಲೆಯ ಮಕ್ಕಳ ಎದೆಗೆ ಇಳಿಯುವುದು ಇದು. ಈ ಎರಡನೆಯದನ್ನು ಡೀಸೆಲ್ ತೆರಿಗೆ ಹಿಡಿಯುವುದಿಲ್ಲ. ಒಂದು ಲೀಟರ್ ಡೀಸೆಲನ್ನು ಹಳೆಯ ಲಾರಿ ಸುಟ್ಟರೂ ಸರ್ಕಾರದ ಹೊಸ ಹೊಗೆ ಮಿತಿಯಾದ ಬಿಎಸ್-6ರ ಲಾರಿ ಸುಟ್ಟರೂ ಇಂಗಾಲ ಅಷ್ಟೇ, ಮಸಿ ಮಾತ್ರ ಅಜಗಜಾಂತರ. ಡೀಸೆಲ್ ಕಾರುಗಳ ಉದಾಹರಣೆ ಹೇಳುತ್ತೇನೆ. ಬಿಎಸ್-4ರಲ್ಲಿ ಕಿ.ಮೀ.ಗೆ 25 ಮಿಲಿಗ್ರಾಂ ಮಸಿಗೆ ಅವಕಾಶವಿತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6ರಲ್ಲಿ 4.5. ನೈಟ್ರೋಜನ್ ಆಕ್ಸೈಡ್ 250ರಿಂದ 80ಕ್ಕೆ ಇಳಿಯಿತು. ಡೀಸೆಲಿನಲ್ಲಿದ್ದ ಗಂಧಕವೂ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಬಂತು.

ಈ ಎರಡು ಹೊಗೆ ಬೆರೆಸಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿ 2001ರಲ್ಲಿ ಕಾರಿನ ವಾರ್ಷಿಕ ತೆರಿಗೆಯನ್ನು ಇಂಗಾಲದ ಲೆಕ್ಕಕ್ಕೆ ಬದಲಿಸಿದರು. ಕೇಳಲು ಚೆಂದ. ಡೀಸೆಲ್ ಕಾರು ಕಿ.ಮೀ.ಗೆ ಕಡಿಮೆ ಇಂಗಾಲ ಬಿಡುತ್ತದೆ, ಜನ ಡೀಸೆಲ್ ಕಡೆ ವಾಲಿದರು. ಹತ್ತೇ ವರ್ಷದಲ್ಲಿ ಹೊಸ ಕಾರುಗಳಲ್ಲಿ ಅರ್ಧದಷ್ಟು ಡೀಸೆಲ್ ಆದವು. ಇಂಗಾಲ ಉಳಿಸಲು ಹೋಗಿ ಪಟ್ಟಣಗಳ ಗಾಳಿಗೆ ನೈಟ್ರೋಜನ್ ಆಕ್ಸೈಡ್ ತುಂಬಿಕೊಂಡರು. ಆಮೇಲೆ ಲಂಡನ್ನಿನಲ್ಲಿ ಹಳೆಯ ಡೀಸೆಲ್ ಗಾಡಿ ಒಳಗೆ ಬಂದರೆ ದಿನಕ್ಕೆ 12.50 ಪೌಂಡ್ ಅಂತ ಶುಲ್ಕ ಹಾಕಬೇಕಾಯಿತು. ಒಂದು ತೆರಿಗೆ ಹುಟ್ಟಿಸಿದ ಕಾಯಿಲೆಗೆ ಇನ್ನೊಂದು ತೆರಿಗೆ ಮದ್ದು. ತೆರಿಗೆ ಕೆಲಸ ಮಾಡುವುದಿಲ್ಲ ಅನ್ನುವವರಿಗೂ ಈ ಕತೆ ಹೇಳಬೇಕು. ತೆರಿಗೆ ಕೆಲಸ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಏನನ್ನು ಅಳೆದಿರೋ ಅದನ್ನು ಇಳಿಸುತ್ತದೆ, ಅಳೆಯದೆ ಬಿಟ್ಟದ್ದನ್ನು ಏರಿಸುತ್ತದೆ.

ನಮ್ಮಲ್ಲಿ ಮಸಿಯನ್ನು ಅಳೆಯುವುದು ಹೇಗೆ? ಎಮಿಷನ್ ಟೆಸ್ಟ್. ನೀವೆಲ್ಲ ಮಾಡಿಸಿದ್ದೀರಿ. ಬಂಕಿನ ಪಕ್ಕ ಒಂದು ಓಮ್ನಿ, ಒಳಗೆ ಕಂಪ್ಯೂಟರ್. ಹುಡುಗ ಬಂದು ನಂಬರ್ ಪ್ಲೇಟಿನ ಫೋಟೋ ಹೊಡೆಯುತ್ತಾನೆ, ಸೈಲೆನ್ಸರಿಗೆ ನಳಿಗೆ ತೂರಿಸುತ್ತಾನೆ, ‘ಅಣ್ಣಾ, ರೇಸ್ ಕೊಡ್ರಿ’ ಅನ್ನುತ್ತಾನೆ. ನಿಯಮದ ಪ್ರಕಾರ ಆಕ್ಸಿಲರೇಟರ್ ಪೂರ್ತಿ ಒತ್ತಬೇಕು. ಡ್ರೈವರ್ ಮೆತ್ತಗೆ ಅರ್ಧ ಒತ್ತುತ್ತಾನೆ. (ಸಭೆಯಲ್ಲಿ ನಗು.) ನಗಬೇಡಿ, ನಿಮಗೂ ಗೊತ್ತು, ನನಗೂ ಗೊತ್ತು. ಹಳೆಯ ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆ 65ರೊಳಗೆ, ಬಿಎಸ್-4ಕ್ಕೆ 50ರೊಳಗೆ ಇದ್ದರೆ ಪಾಸು. ಖಾಲಿ ಗಾಡಿ, ನಿಂತಲ್ಲೇ ಪರೀಕ್ಷೆ. ಅದೇ ಗಾಡಿ ಲೋಡ್ ತುಂಬಿಕೊಂಡು ಸಂಡೂರು ಘಾಟಿ ಹತ್ತುವಾಗ ಏನು ಬಿಡುತ್ತದೆ ಅನ್ನುವುದು ಆ ಚೀಟಿಯಲ್ಲಿ ಬರುವುದಿಲ್ಲ. ನೈಟ್ರೋಜನ್ ಆಕ್ಸೈಡನ್ನು ಆ ಯಂತ್ರ ನೋಡುವುದೇ ಇಲ್ಲ. ಅದನ್ನು ಇಳಿಸಲೆಂದೇ ಬಿಎಸ್-6 ಲಾರಿಗೆ ಹಾಕುವ ಯೂರಿಯಾ ದ್ರಾವಣ ಉಳಿಸಲು ಆ ವ್ಯವಸ್ಥೆಯನ್ನೇ ವೈರ್ ಕಿತ್ತು ಮೋಸಗೊಳಿಸುವವರೂ ಇದ್ದಾರೆ. ಅಂಥ ಗಾಡಿಯ ಆರ್‌ಸಿಯಲ್ಲಿ ಬಿಎಸ್-6 ಅಂತಲೇ ಇರುತ್ತದೆ.

ಹಾಗಾಗಿ ಸರ್ಕಾರ ಸುಲಭದ ದಾರಿ ಹಿಡಿಯುತ್ತದೆ. ವಯಸ್ಸು. 2021ರ ಜನವರಿಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹಸಿರು ತೆರಿಗೆಯ ಪ್ರಸ್ತಾವ ಒಪ್ಪಿತು: 8 ವರ್ಷ ದಾಟಿದ ವಾಣಿಜ್ಯ ವಾಹನಕ್ಕೆ ಎಫ್‌ಸಿ, ಅಂದರೆ ಓಡಲು ಯೋಗ್ಯ ಅನ್ನುವ ಪತ್ರ, ಮಾಡಿಸುವಾಗ ರಸ್ತೆ ತೆರಿಗೆಯ ಶೇ 10ರಿಂದ 25ರಷ್ಟು, ಗಾಳಿ ತೀರಾ ಕೆಟ್ಟ ನಗರಗಳಲ್ಲಿ ಶೇ 50ರವರೆಗೆ, ಟ್ರ್ಯಾಕ್ಟರಿಗೆ ವಿನಾಯಿತಿ. ಅವತ್ತು ಸಚಿವಾಲಯ ಕೊಟ್ಟ ಅಂದಾಜು ನೆನಪಿಡುವಂಥದ್ದು. ವಾಹನಗಳಲ್ಲಿ ಶೇ 5ರಷ್ಟಿರುವ ವಾಣಿಜ್ಯ ವಾಹನಗಳು ಒಟ್ಟು ವಾಹನ ಮಾಲಿನ್ಯದ ಶೇ 65ರಿಂದ 70ರಷ್ಟಕ್ಕೆ ಕಾರಣ, 2000ಕ್ಕಿಂತ ಮೊದಲಿನ ಗಾಡಿಗಳು ಶೇ 1ಕ್ಕಿಂತ ಕಡಿಮೆ ಇದ್ದರೂ ಮಾಲಿನ್ಯದಲ್ಲಿ ಅವುಗಳ ಪಾಲು ಶೇ 15. ಮುಂದಿನ ಸಾಲಿನವರು ಇದನ್ನು ಸುಳ್ಳು ಅನ್ನಲಾಗದು. ಆಮೇಲೆ ಮರುನೋಂದಣಿ ಶುಲ್ಕಗಳೂ ಏರಿದವು. 15 ವರ್ಷದ ಕಾರಿಗೆ 2022ರಿಂದ 5,000, 20 ವರ್ಷ ದಾಟಿದರೆ 2025ರ ಆಗಸ್ಟ್‌ನಿಂದ 10,000.

ವಯಸ್ಸಿನ ಮೇಲಿನ ತೆರಿಗೆ ಯಾರ ಮೇಲೆ ಬೀಳುತ್ತದೆ ನೋಡಿ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಬೇಡ ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿತು. ಆ ಗಾಡಿಗಳು ಎಲ್ಲಿ ಹೋದವು? ಗುಜರಿಗೆ ಹೋದವು ಒಂದಿಷ್ಟು. ಮಿಕ್ಕವು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೆಗೆದುಕೊಂಡು ಬೇರೆ ರಾಜ್ಯಗಳಿಗೆ ಹೋದವು. ದೊಡ್ಡ ಊರು ಬೇಡವೆಂದ ಗಾಡಿ ಸಣ್ಣ ಊರಿಗೆ ಇಳಿಯುತ್ತದೆ, ಅದು ಮಾರುಕಟ್ಟೆಯ ನಿಯಮ. ಮಾನ್ವಿಯಿಂದ ಮೆಣಸಿನಕಾಯಿ ಬಿಡಿಸಲು ಹೋಗುವ ಕೂಲಿಯವರು ತುಂಬಿಕೊಂಡ ಕ್ರೂಸರ್ ಜೀಪು, ಕುಷ್ಟಗಿ ಸಂತೆಗೆ ಓಡುವ ಮೂರು ಚಕ್ರದ ಟಂಟಂ, ಗಂಗಾವತಿಯ ಅಕ್ಕಿ ಗಿರಣಿಗೆ ಭತ್ತ ಹೊರುವ ಲಾರಿ, ಇವುಗಳಲ್ಲಿ ಮೂರನೇ ಮಾಲೀಕನ ಕೈಗೆ ಬಂದವೇ ಹೆಚ್ಚು. ನನ್ನ ಹತ್ತಿರ ಲೆಕ್ಕ ಬರೆಸುವ ಒಬ್ಬ ಯಜಮಾನರು ಒಮ್ಮೆ ನೇರವಾಗಿಯೇ ಕೇಳಿದರು: ‘ನಾವೇನ್ ಖುಷಿಗೆ ಹಳೇ ಗಾಡಿ ಓಡಸ್ತೀವೇನ್ರಿ?’

ನ್ಯಾಯವಾದ ಪ್ರಶ್ನೆ. ಆದರೆ ಅದೇ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ನಾನು ಮುಚ್ಚಿಡಲಾರೆ. ಆ ಹಳೇ ಗಾಡಿಯ ಹೊಗೆ ಕುಡಿಯುವವರೂ ಬಡವರೇ. ರಸ್ತೆ ಬದಿಯಲ್ಲಿ ಮಿರ್ಚಿ ಭಜಿ ಕರಿಯುವ ಅಕ್ಕನಿಗೆ ಕಾರೂ ಇಲ್ಲ, ಲಾರಿಯೂ ಇಲ್ಲ, ಗಾಜು ಏರಿಸಿಕೊಂಡು ಎಸಿ ಹಾಕಿಕೊಳ್ಳುವ ಉಪಾಯವೂ ಇಲ್ಲ. ‘ಬಡವರ ಗಾಡಿ, ಬಿಡಿ’ ಅನ್ನುವ ದಯೆಯ ಖರ್ಚನ್ನು ಆಕೆಯ ಶ್ವಾಸಕೋಶದ ಖಾತೆಗೆ ಬರೆದ ಹಾಗಾಯಿತು. ಲೆಕ್ಕಪತ್ರ ಬರೆಯುವವನಾಗಿ ಹೇಳುತ್ತೇನೆ, ಒಬ್ಬರಿಗೆ ಬಿಟ್ಟ ಬಾಕಿ ಇನ್ನೊಬ್ಬರ ಪುಟದಲ್ಲಿ ಎದ್ದೇ ಏಳುತ್ತದೆ.

ಗಣಿಯ ನಾಡಿನಲ್ಲಿ ಕೂತು ಮಾತಾಡುವಾಗ ಒಂದು ತೀರ್ಪನ್ನು ಬಿಡುವ ಹಾಗಿಲ್ಲ. 1974ರ ಬೊಲಾನಿ ಓರ್ಸ್ ಪ್ರಕರಣ. ಒಡಿಶಾದ ಕಬ್ಬಿಣದ ಅದಿರಿನ ಗಣಿ ಅದು. ಗಣಿಯ ಒಳಗೇ ಓಡುವ ಡಂಪರುಗಳಿಗೆ ರಸ್ತೆ ತೆರಿಗೆ ಬೇಡ ಅಂದಿತು ಸುಪ್ರೀಂ ಕೋರ್ಟ್. ಕಾರಣ ಸರಳ: ಆ ತೆರಿಗೆ ಸಾರ್ವಜನಿಕ ರಸ್ತೆ ಬಳಸಿದ್ದಕ್ಕೆ ಪ್ರತಿಫಲ, ರಸ್ತೆಗೇ ಇಳಿಯದ ಗಾಡಿಗೆ ಅದು ಅನ್ವಯಿಸದು. 2025ರ ಆಗಸ್ಟ್‌ನಲ್ಲಿ ವಿಶಾಖಪಟ್ಟಣದ ಉಕ್ಕು ಕಾರ್ಖಾನೆಯ ಆವರಣದೊಳಗೆ ಓಡಿದ ವಾಹನಗಳ ವಿಷಯದಲ್ಲೂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕಾನೂನಿನ ಪ್ರಕಾರ ಸರಿಯೇ. ಆದರೆ ಹೊಗೆಯ ಕಣ್ಣಿನಿಂದ ನೋಡಿ. ಇಡೀ ದಿನ ಗುಡ್ಡದ ಮೇಲೆ ಅದಿರು ಹೊರುವ ದೈತ್ಯ ಡಂಪರಿಗೆ ರಸ್ತೆ ತೆರಿಗೆ ಇಲ್ಲ, ಪೇಟೆಯ ಟಂಟಂಗೆ ಇದೆ. ಹೊಗೆಯನ್ನು ರಸ್ತೆ ತೆರಿಗೆಯ ಬೆನ್ನಿಗೆ ಕಟ್ಟಿದರೆ ಅದು ಗಣಿಯ ಗೇಟಿನ ಹೊರಗೇ ನಿಂತುಬಿಡುತ್ತದೆ. ಬೇಲಿ ದಾಟದ ಗಾಡಿ ಇರಬಹುದು, ಬೇಲಿ ದಾಟದ ಹೊಗೆ ಇಲ್ಲ.

ಇದೇ ಗಣಿಗಳಿಂದ ಇನ್ನೊಂದು ಸಂಗತಿ ಕಲಿಯಬಹುದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮುಂಚೆ ಈ ರಸ್ತೆಗಳಲ್ಲಿ ಟಿಪ್ಪರುಗಳ ಸಾಲು ಹೇಗಿತ್ತು ಅನ್ನುವುದು ನಿಮಗೆ ಗೊತ್ತು. ಬೇವಿನ ಎಲೆಯ ಬಣ್ಣ ಕೆಂಪು ಅಂದುಕೊಂಡು ಬೆಳೆದ ಮಕ್ಕಳಿದ್ದಾರೆ. ಗಣಿ ಮತ್ತೆ ಶುರುವಾದ ಮೇಲೆ ಅದಿರು ಸಾಗಣೆಯ ಒಂದು ದೊಡ್ಡ ಪಾಲು ರೈಲಿಗೂ, ತೋರಣಗಲ್ಲಿನ ಉಕ್ಕು ಕಾರ್ಖಾನೆಗೆ ಹೋಗುವ ಪೈಪ್ ಕನ್ವೇಯರಿಗೂ (ಕೊಳವೆಯಂತೆ ಮುಚ್ಚಿದ ಸಾಗಣೆ ಪಟ್ಟಿ) ಏರಿತು. ಅಷ್ಟು ಟ್ರಿಪ್ಪುಗಳ ಹೊಗೆ ಹೋಯಿತು. ಹಸಿರು ತೆರಿಗೆಯಿಂದ ಆದ ಕೆಲಸ ಅಲ್ಲ ಅದು, ಬೇರೆ ದಾರಿ ಮಾಡಿದ್ದರಿಂದ ಆದದ್ದು. ಅದರಲ್ಲಿ ಬಾಡಿಗೆ ಕಳೆದುಕೊಂಡವರು ಈ ಸಭೆಯಲ್ಲೇ ಇದ್ದಾರೆ, ಅದನ್ನೂ ಹೇಳಬೇಕು.

ಬೇರೆ ದಾರಿ ಇಲ್ಲದ ಕಡೆ ತೆರಿಗೆ ಬರೀ ದಂಡ. ಫ್ರಾನ್ಸಿನಲ್ಲಿ 2018ರ ನವೆಂಬರಿನಲ್ಲಿ ಇಂಧನ ತೆರಿಗೆ ಏರಿಕೆಯ ವಿರುದ್ಧ ಹಳದಿ ಜಾಕೆಟ್ ತೊಟ್ಟು ಜನ ರಸ್ತೆಗಿಳಿದರಲ್ಲ, ಮುಂದೆ ನಿಂತವರು ಬಸ್ಸು ರೈಲು ಇಲ್ಲದ ಊರುಗಳವರು. ಸರ್ಕಾರ ಮರು ತಿಂಗಳೇ ಏರಿಕೆ ಕೈಬಿಟ್ಟಿತು. ಲಿಂಗಸುಗೂರಿನ ಆಚೆಯ ಹಳ್ಳಿಯವನಿಗೂ ಅದೇ ಪಾಡು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಬಂತು, ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಬಹಳ ಒಳ್ಳೆಯದು. ಆದರೆ ಬಸ್ಸೇ ದಿನಕ್ಕೆರಡು ಸಲ ಬರುವ ಊರಿನಲ್ಲಿ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? ಅಲ್ಲಿ ಬೈಕು, ಟಂಟಂ ಶೋಕಿಯಲ್ಲ.

ಎಲೆಕ್ಟ್ರಿಕ್ ಗಾಡಿ ತಗೊಳ್ಳಲಿ ಅನ್ನುತ್ತಾರೆ. ನಾನು ವಿರೋಧಿಯಲ್ಲ. ಜಿಎಸ್‌ಟಿಯಲ್ಲಿ ಅವಕ್ಕೆ ಶೇ 5, ದೊಡ್ಡ ಪೆಟ್ರೋಲ್ ಡೀಸೆಲ್ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40. ನಮ್ಮ ರಾಜ್ಯ ಇವಿಗಳಿಗೆ ರಸ್ತೆ ತೆರಿಗೆ ಬಿಟ್ಟಿತ್ತು, 2024ರಲ್ಲಿ 25 ಲಕ್ಷ ದಾಟಿದವುಗಳಿಗೆ ಮಾತ್ರ ಶೇ 10 ಹಾಕಿತು. ಆದರೆ ಈ ವಿನಾಯಿತಿಯ ಲೆಕ್ಕವನ್ನು ರಾಯಚೂರಿನಲ್ಲಿ ನಿಂತು ಓದಿದರೆ ಬೇರೆ ಥರ ಕಾಣುತ್ತದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ಉರಿಯುತ್ತಿದೆ, 1,720 ಮೆಗಾವಾಟ್. ನಮ್ಮ ಕುಡತಿನಿಯದ್ದು 1,700. ಅದರ ಮೇಲೆ ಯರಮರಸ್‌ನ ಸ್ಥಾವರ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ರಾತ್ರಿ ಚಾರ್ಜಿಗೆ ಹಾಕಿದ ಕಾರು ಸೈಲೆನ್ಸರ್ ಇಲ್ಲದ ಗಾಡಿ ಅಲ್ಲ, ಅದರ ಸೈಲೆನ್ಸರ್ ಶಕ್ತಿನಗರದಲ್ಲಿದೆ. ಬೂದಿ ಬೀಳುವುದು ಕೃಷ್ಣೆಯ ದಡದ ಹೊಲಗಳ ಮೇಲೆ.

ಹಾಗಂತ ಇವಿ ಮೋಸ ಅನ್ನಬೇಡಿ, ಲೆಕ್ಕ ಹಾಗೆ ಹೇಳುವುದಿಲ್ಲ. ಇವಿ ಸ್ಕೂಟರ್ 100 ಕಿ.ಮೀ.ಗೆ ಸುಮಾರು 3 ಯೂನಿಟ್ ಕುಡಿಯುತ್ತದೆ. ಪೂರ್ತಿ ಕಲ್ಲಿದ್ದಲಿನ ಕರೆಂಟ್ ಅಂದುಕೊಂಡರೂ ಯೂನಿಟ್ಟಿಗೆ ಹೆಚ್ಚೂಕಡಿಮೆ 1 ಕಿಲೋ ಇಂಗಾಲ, ಒಟ್ಟು 3 ಕಿಲೋ. ಪೆಟ್ರೋಲ್ ಸ್ಕೂಟರಿಗೆ ಅಷ್ಟೇ ದೂರಕ್ಕೆ 2 ಲೀಟರ್, ಅಂದರೆ ನಾಲ್ಕೂವರೆ ಕಿಲೋ ಮೇಲೆ. ಹಗಲಿನ ಸೋಲಾರ್ ಸೇರಿದರೆ ಅಂತರ ಇನ್ನೂ ದೊಡ್ಡದು. ಇವಿ ಗೆಲ್ಲುತ್ತದೆ. ಪ್ರಶ್ನೆ ಇಷ್ಟೇ, ಗೆದ್ದದ್ದರ ಲಾಭ ಒಂದು ಊರಿಗೆ, ಉಳಿದ ಹೊಗೆ ಇನ್ನೊಂದು ಊರಿಗೆ ಆದಾಗ ವಿನಾಯಿತಿಯ ಒಂದು ಪಾಲಾದರೂ ಈ ಕಡೆ ಬರಬೇಡವೇ?

ದುಡ್ಡಿನ ಮಾತಿಗೆ ಬಂದೆವು. ನನ್ನ ಮಟ್ಟಿಗೆ ನ್ಯಾಯ ಅನ್ಯಾಯದ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ. ಮಾಲಿನ್ಯದ ಹೆಸರಿನಲ್ಲಿ ವಸೂಲಿ ಹೇಗೆ ಕೂತುಬಿಡುತ್ತದೆ ಅನ್ನುವುದನ್ನು ಬಳ್ಳಾರಿಗೆ ಯಾರೂ ಕಲಿಸಬೇಕಿಲ್ಲ. ಗಣಿಯಿಂದ ಹಾಳಾದ ಊರು, ಕಾಡು, ನೀರು ಸರಿಪಡಿಸಲು ಕೋರ್ಟಿನ ಆದೇಶದಂತೆ ಗಣಿ ಕಂಪನಿಗಳಿಂದ ಹಣ ಸಂಗ್ರಹವಾಯಿತು. ಅದಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಸಾವಿರಾರು ಕೋಟಿ ಜಮೆಯಾಯಿತು. ಖರ್ಚಿಗೆ ಸುಪ್ರೀಂ ಕೋರ್ಟ್ ಹಸಿರು ನಿಶಾನೆ ತೋರಿಸಿದ್ದು 2022ರಲ್ಲಿ, ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲ್ವಿಚಾರಣೆಗೆ ಇಟ್ಟು. ಧೂಳು ಕುಡಿದ ಒಂದು ತಲೆಮಾರು ಅಷ್ಟರಲ್ಲಿ ಬೆಳೆದು ದೊಡ್ಡದಾಗಿತ್ತು. ಹೊಗೆಯ ತೆರಿಗೆಯೂ ಬೊಕ್ಕಸಕ್ಕೆ ಹೋಗಿ ಕರಗುವುದಾದರೆ ಅದನ್ನು ಕಟ್ಟಲು ಜನ ಮನಸ್ಸು ಮಾಡುವುದಿಲ್ಲ, ಮಾಡಬೇಕು ಅಂತ ನಾನೂ ಹೇಳುವುದಿಲ್ಲ. ಬಳ್ಳಾರಿ ಆರ್‌ಟಿಒದಲ್ಲಿ ಬಂದ ಹಣ ಈ ಜಿಲ್ಲೆಯ ಬಸ್ಸಿಗೆ, ಹಳೇ ಲಾರಿ ಗುಜರಿಗೆ ಹಾಕುವವನ ಬಡ್ಡಿ ಸಹಾಯಕ್ಕೆ ಹೋಗಿದ್ದು ಕಾಗದದಲ್ಲಿ ಕಾಣಬೇಕು.

ಮಾತಿನ ನಂತರ ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಸರ್, ಹಾಗಾದ್ರೆ ಬೆಲೆ ಮೇಲಿನ ತೆರಿಗೆ ತೆಗೆದುಹಾಕಬೇಕಾ?’ ಬೇಡಮ್ಮಾ. 60 ಲಕ್ಷದ ಕಾರಿನವರು ಹೆಚ್ಚು ಕೊಡಲಿ, ಕೊಡುವ ಶಕ್ತಿ ಇದೆ. ಅದನ್ನು ಸಿರಿವಂತಿಕೆಯ ತೆರಿಗೆ ಅಂತಲೇ ಇಟ್ಟುಕೊಳ್ಳೋಣ, ಪರಿಸರದ ಹೆಸರು ಬೇಡ. ಇಂಗಾಲಕ್ಕೆ ಬಂಕಿನ ತೆರಿಗೆ ಸಾಕು. ಮಸಿ ಮತ್ತು ನೈಟ್ರೋಜನ್ ಆಕ್ಸೈಡಿಗೆ ಮಾತ್ರ ಬೇರೆ ಶುಲ್ಕ ಬೇಕು, ಅದು ಲೋಡ್ ಮೇಲೆ ಮಾಡಿದ ನಿಜವಾದ ಪರೀಕ್ಷೆಯ ಫಲಿತಾಂಶಕ್ಕೆ ಅಂಟಿಕೊಂಡಿರಬೇಕು. ಹಾಗಾದರೆ ಚೆನ್ನಾಗಿ ಇಟ್ಟುಕೊಂಡ 12 ವರ್ಷದ ಗಾಡಿ ಕಡಿಮೆ ಕೊಡುತ್ತದೆ, ಯೂರಿಯಾ ವೈರ್ ಕಿತ್ತ 3 ವರ್ಷದ ಗಾಡಿ ಜಾಸ್ತಿ ಕೊಡುತ್ತದೆ.

ಎರಡನೆಯದು ಒಬ್ಬ ಲಾರಿ ಮಾಲೀಕರದ್ದು. ಬಿಎಸ್-3 ಗಾಡಿ, ಗುಜರಿಗೆ ಹಾಕಲೇ ಅಂತ. ಗುಜರಿ ಪ್ರಮಾಣಪತ್ರ ಇದ್ದರೆ ಹೊಸ ವಾಣಿಜ್ಯ ವಾಹನದ ತೆರಿಗೆಯಲ್ಲಿ ಶೇ 15ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಆದರೆ ಅದು ತೆರಿಗೆಯಲ್ಲಿ ಶೇ 15, ಗಾಡಿ ಬೆಲೆಯಲ್ಲಲ್ಲ. ಸಾಲದ ಕಂತಿನ ಮುಂದೆ ಅದು ಏನೂ ಅಲ್ಲ ಅಂದೆ. ಸದ್ಯಕ್ಕೆ ಪಂಪು, ನಾಜಲ್ ಕ್ಯಾಲಿಬ್ರೇಶನ್ ಮಾಡಿಸಿ, ಏರ್ ಫಿಲ್ಟರ್ ಬದಲಿಸಿ, ಓವರ್‌ಲೋಡ್ ಬಿಡಿ, ಹೊಗೆ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಅವರು ಬಿಡಲಿಲ್ಲ: ‘ಓವರ್‌ಲೋಡ್ ಬಿಟ್ರೆ ಬಾಡಿಗಿ ಗಿಟ್ಟಂಗಿಲ್ರಿ. ರೇಟ್ ಕಟ್ಟೋರು ನಾವಲ್ಲ, ಕಂಪನಿಯೋರು.’

ಅವರು ಹೇಳಿದ್ದರಲ್ಲಿ ಇಡೀ ಚರ್ಚೆಗೆ ಬೇಕಾದ ಒಂದು ಮಾತಿದೆ. ಒಂದು ಲಾರಿಯ ಮಾಲೀಕ ಶುಲ್ಕವನ್ನು ಬಾಡಿಗೆಯ ಮೇಲೆ ಏರಿಸಲಾರ, ಅವನ ಹಿಂದೆ ಕಡಿಮೆಗೆ ಬರುವ ಹತ್ತು ಗಾಡಿ ಸಾಲು ನಿಂತಿರುತ್ತವೆ. ಹಾಗಾಗಿ ಮಸಿಯ ಶುಲ್ಕ ಮೊದಲು ಬೀಳಬೇಕಾದದ್ದು ಲಾರಿಯನ್ನು ಬಾಡಿಗೆಗೆ ಹಿಡಿಯುವ ಕಾರ್ಖಾನೆ, ಗಣಿ, ಗಿರಣಿಗಳ ಮೇಲೆ. ಕಷ್ಟವೇನಿಲ್ಲ. ದೊಡ್ಡ ಕಾರ್ಖಾನೆಗಳ ಗೇಟಿನಲ್ಲಿ ಗಾಡಿ ನಂಬರ್, ತೂಕ, ಹೊತ್ತು ಎಲ್ಲ ಈಗಾಗಲೇ ದಾಖಲಾಗುತ್ತವೆ, ಆ ನಂಬರಿನಿಂದ ಗಾಡಿ ಯಾವ ಬಿಎಸ್ ಅನ್ನುವುದು ಸಾರಿಗೆ ಇಲಾಖೆಯ ವಾಹನ್ ಪೋರ್ಟಲ್‌ನಲ್ಲಿ ಸಿಗುತ್ತದೆ. ತಿಂಗಳಿಗೊಮ್ಮೆ ಎರಡನ್ನೂ ಹೊಂದಿಸಿ ಕಾರ್ಖಾನೆಗೆ ಬಿಲ್ ಕಳಿಸಿದರೆ, ಒಳ್ಳೆಯ ಗಾಡಿ ತರುವವನಿಗೆ ಎರಡು ರೂಪಾಯಿ ಹೆಚ್ಚು ಬಾಡಿಗೆ ಕೊಡುವುದು ಕಂಪನಿಗೇ ಲಾಭ ಅನ್ನಿಸತೊಡಗುತ್ತದೆ.